ಐದೂವರೆಯ ಮೇಲಿನ ಕೆಲಸ

ಹೋದ ತಿಂಗಳು ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಯಾವುದೋ ಊರಿನ ಗೇಟಿನ ಬಳಿ ಬಸ್ಸು ನಿಂತಾಗ ಕಿಟಕಿಯಿಂದ ಭತ್ತ ಹೂವಾದ ವಾಸನೆ ಒಳಗೆ ಬಂತು. ಆಗತಾನೇ ಕುಟ್ಟಿದ ಅಕ್ಕಿ ಹಿಟ್ಟಿಗೆ ಬೆಚ್ಚನೆ ಹಾಲು ಬೆರೆಸಿದಂಥ ವಾಸನೆ ಅದು. ಗದ್ದೆಯಲ್ಲಿ ಓಡಾಡಿದವರನ್ನು ಬಿಟ್ಟರೆ ಬೇರೆಯವರ ಮೂಗಿಗೆ ಹತ್ತುವುದೂ ಇಲ್ಲ. ನನಗೆ ಹಿತವಾಗಬೇಕಿತ್ತು. ಹಾಗಾಗುವ ಮೊದಲೇ ನನ್ನ ಕೈ ಬ್ಯಾಗಿನೊಳಗೆ ಹೋಗಿ ಫೋನು ಹಿಡಿದುಕೊಂಡಿತ್ತು. ಫೋಟೋ ತೆಗೆಯಬೇಕು, ಊರಿನ ಹೆಸರು ಬರೆಯಬೇಕು, ಗ್ರೂಪಿಗೆ ಹಾಕಬೇಕು. ಆ ಕೆಲಸ ಹೋಗಿ ಎಷ್ಟೋ ಕಾಲವಾಯಿತು, ಆ ಫೋಟೋ ಈಗ ಯಾರಿಗೂ ಬೇಡ. ಕೈಗೆ ಮಾತ್ರ ಅದು ಇನ್ನೂ ಗೊತ್ತಾಗಿಲ್ಲ. ನನ್ನ ಮೇಲೆ ನನಗೇ ರೇಗಿಹೋಯಿತು. ಒಂದು ಮಳೆಗಾಲ, ಒಂದು ಭತ್ತದ ಬೆಳೆ, ಅಷ್ಟರಲ್ಲೇ ಈ ಕೈಯನ್ನು ಹೀಗೆ ಪಳಗಿಸಿಬಿಟ್ಟಿದ್ದರು.

ಆ ವರ್ಷ ನಾನು ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಮದುವೆಗೆ ಮೊದಲು ವಿ.ಸಿ. ಫಾರಂನಲ್ಲಿ ಕೃಷಿ ಡಿಪ್ಲೊಮಾ ಮಾಡಿದ್ದೆ. ಮಂಡ್ಯದ ಪಕ್ಕದ ಹೊಳಲಿಗೆ ಸೊಸೆಯಾಗಿ ಬಂದು, ಮಗಳು ಚಿನ್ನು ಸ್ಕೂಲಿಗೆ ಹೋಗುವಷ್ಟು ಆದ ಮೇಲೆ ಸಿಕ್ಕಿದ ಕೆಲಸ. ಕಂಪನಿ ರೈತರಿಗೆ ಹೈಬ್ರಿಡ್ ಭತ್ತದ ಮೂಲ ಬೀಜ ಕೊಡುತ್ತಿತ್ತು, ಅವರು ಬೆಳೆದ ಬೀಜವನ್ನು ಹಿಂದಕ್ಕೆ ಕೊಳ್ಳುತ್ತಿತ್ತು. ನಡುವೆ ಆ ಗದ್ದೆಗಳನ್ನು ನೋಡಿಕೊಳ್ಳಲು ನಮ್ಮಂಥ ಐದಾರು ಜನ. ಮದ್ದೂರಿನ ಕಡೆಯ ಹಳ್ಳಿಗಳು ನನ್ನವು, ಮಳವಳ್ಳಿ ಕಡೆಯವು ನನ್ನ ಜೊತೆಯ ಹುಡುಗ ಶಿವಲಿಂಗನವು. ಮಂಡ್ಯದಲ್ಲಿ ಒಂದು ಅಂಗಡಿಯ ಮಹಡಿಯ ಮೇಲೆ ಆಫೀಸು, ಅಲ್ಲಿ ನಮ್ಮ ಮ್ಯಾನೇಜರು. ಕೆಲಸದ ಹೊತ್ತು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆ. ಬೆಳಿಗ್ಗೆ ಮೊಬೈಲಿನ ಆ್ಯಪಿನಲ್ಲಿ ಹಾಜರಿ ಒತ್ತಬೇಕು, ಐದೂವರೆಗೆ ಮತ್ತೆ ಒತ್ತಿ ಹೊರಬರಬೇಕು. ಒತ್ತಿದ ಮೇಲೆ ಪರದೆಯ ಮೇಲೆ ಒಂದು ಸೂರ್ಯ ಮುಳುಗುವ ಚಿತ್ರ, ‘ನಿಮ್ಮ ದಿನ ಮುಗಿಯಿತು’ ಎಂಬ ಮಾತು.

ಕೆಲಸ ನನಗೆ ಇಷ್ಟವಾಗಿತ್ತು, ಸುಳ್ಳು ಹೇಳಬಾರದು. ಬೀಜದ ಗದ್ದೆಯಲ್ಲಿ ಗಂಡು ಸಾಲು, ಹೆಣ್ಣು ಸಾಲು ಅಂತ ಬೇರೆ ಬೇರೆ ನಾಟಿ ಮಾಡಿರುತ್ತಾರೆ. ಹೂವಾಗುವ ಕಾಲಕ್ಕೆ ಬಿಸಿಲೇರುವ ಹೊತ್ತಿನಲ್ಲಿ ಈ ಬದುವಿನಲ್ಲೊಬ್ಬರು ಆ ಬದುವಿನಲ್ಲೊಬ್ಬರು ನಿಂತು ಪೈರಿನ ತಲೆ ಸವರುವಂತೆ ಹಗ್ಗ ಎಳೆಯಬೇಕು. ಗಂಡು ಸಾಲಿನ ಪರಾಗದ ಹುಡಿ ಹೊಗೆಯ ಹಾಗೆ ಎದ್ದು ಹೆಣ್ಣು ಸಾಲಿನ ಮೇಲೆ ಇಳಿಯುತ್ತದೆ. ಮೊದಲ ಸಲ ನಾನು ಹಗ್ಗ ಹಿಡಿದಾಗ ಗದ್ದೆಯ ಯಜಮಾನರೊಬ್ಬರು ಬದುವಿನ ಮೇಲೆ ಕೂತು ನಕ್ಕಿದ್ದರು. “ಏನವ್ವ, ಮಂತ್ರಿಲ್ಲ, ವಾಲಗಿಲ್ಲ, ಬರೀ ಅಗ್ಗದಲ್ಲೇ ಮದ್ವೆ ಮಾಡುಸ್ತಿದ್ದೀಯಲ್ಲ!” ಅಂದಿದ್ದರು. ಅಂಥ ಬೆಳಗುಗಳಿಗಾಗಿ ಬಸ್ಸಿಳಿದು ಎಷ್ಟು ದೂರವಾದರೂ ನಡೆಯಬಹುದಿತ್ತು.

ತೊಂದರೆ ಶುರುವಾಗುತ್ತಿದ್ದದ್ದು ಆ ಸೂರ್ಯ ಮುಳುಗಿದ ಮೇಲೆ.

ನಮ್ಮ ವಾಟ್ಸಾಪ್ ಗ್ರೂಪಿಗೆ ಮ್ಯಾನೇಜರು ಇಟ್ಟಿದ್ದ ಹೆಸರು ‘ಮಂಡ್ಯ ಫ್ಯಾಮಿಲಿ’. ನಾಟಿ ಮುಗಿಯುವವರೆಗೆ ಅದರಲ್ಲಿ ಹಬ್ಬದ ಶುಭಾಶಯ, ಮಳೆಯ ಸುದ್ದಿ ಅಷ್ಟೇ ಇರುತ್ತಿತ್ತು. ಕಳೆ ಕೀಳುವ ಕಾಲಕ್ಕೆ, ಊಟಕ್ಕೆ ಕೂರುವ ಹೊತ್ತಿನಲ್ಲಿ ಒಂದೊಂದೇ ಪ್ರಶ್ನೆ ಬರತೊಡಗಿತು. ಇಂಥ ರೈತ ಗೊಬ್ಬರ ಹಾಕಿದನಾ? ಇಂಥ ಗದ್ದೆಯ ಬೆಳಗಿನ ಫೋಟೋ ಮಸುಕಾಗಿದೆ, ಇನ್ನೊಂದು ಕಳಿಸಿ. ಎಲ್ಲರೂ ‘ನೋಟೆಡ್ ಸರ್’ ಎಂದು ಹಾಕಬೇಕು. ಹಾಕದಿದ್ದರೆ, ‘ನೋಡಿಯೂ ಉತ್ತರಿಸದವರು ಯಾರು ಎಂದು ನನಗೆ ಗೊತ್ತಾಗುತ್ತದೆ’ ಎಂಬ ಇನ್ನೊಂದು ಸಂದೇಶ. ಫೋನು ಮಾಡಿದರೆ ಮ್ಯಾನೇಜರು ಗಟ್ಟಿಯಾಗಿ ಮಾತಾಡಿದವರೇ ಅಲ್ಲ. “ಎರಡೇ ನಿಮಿಷದ ಕೆಲಸ ಅಮ್ಮ, ಪ್ಲೀಸ್” ಅನ್ನುತ್ತಿದ್ದರು. ಆ ಎರಡು ನಿಮಿಷಕ್ಕೆ ನಾನು ರೈತರಿಗೆ ಫೋನು ಮಾಡಬೇಕು, ಅವರು ಆಗ ಹಾಲು ಕರೆಯುತ್ತಿರುತ್ತಾರೆ, ಇಲ್ಲವೇ ಫೋನು ಮಗನ ಕೈಯಲ್ಲಿರುತ್ತದೆ, ಮಗ ಪೇಟೆಯಲ್ಲಿರುತ್ತಾನೆ. ಒಲೆಯ ಮೇಲಿನ ಸಾರು ಸೀದುಹೋಗುತ್ತಿತ್ತು.

ನನ್ನ ಗಂಡ ಚಂದ್ರು ಮೋಟಾರ್ ಪಂಪು ರಿಪೇರಿ ಮಾಡುವವರು, ಜಾಸ್ತಿ ಮಾತಿಲ್ಲ. ಅತ್ತೆ ನಿಂಗಮ್ಮನವರು ಹಾಗಲ್ಲ. ಮೊದಮೊದಲು ಅವರಿಗೆ ನನ್ನ ಮೇಲೇ ಅನುಮಾನ.

“ಅದ್ಯಾವನವ್ವ ಅವ್ನು, ದೀಪ ಅಚ್ಚೋ ಹೊತ್ಗೆ ಸರಿಯಾಗಿ ಪೋನ್ ಮಾಡೋನು?”

“ಮ್ಯಾನೇಜರು ಅತ್ತೆ. ಕೆಲ್ಸದ ವಿಚಾರ.”

“ಕೆಲ್ಸ ಮುಗುಸ್ಕಂಡು ತಾನೇ ಮನೆಗೆ ಬಂದಿರೋದು? ಸಗಣಿ ಎತ್ತಕ್ಕೆ ಬರೋ ಕೂಲಿಯೋಳೂ ವೊತ್ತು ಇಳಿದ್ಮೇಕೆ ಕರುದ್ರೆ ಬರಕಿಲ್ಲ. ನೀನು ಓದ್ದೋಳು, ನಿನ್ಗೆ ಅಷ್ಟೂ ಇಲ್ವಾ?”

ಕೆಲಸ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನಮ್ಮದು ಒಂದು ಬೆಳೆಗೆ ಮಾತ್ರ ಒಪ್ಪಂದ. ಮುಂದಿನ ಬೆಳೆಗೆ ಕರೆಯುವವರು, ಬಿಡುವವರು ಅವರೇ. ಅದನ್ನು ಅತ್ತೆಗೆ ಹೇಗೆ ವಿವರಿಸುವುದು? ಒಂದು ದಿನ ಚಿನ್ನುವಿಗೆ ಅವರು, “ಅನ್ನ ಬುಡ್ಬೇಡ, ಪೂರ್ತಿ ಉಣ್ಣು” ಅಂದರು. ಅವಳು ತಟ್ಟೆಯಿಂದ ತಲೆ ಎತ್ತದೆ, “ನೋಟೆಡ್ ಸರ್” ಅಂದಳು. ಚಂದ್ರು ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ನಾನೂ ನಗಲಿಲ್ಲ.

ಪಿತೃಪಕ್ಷದ ಭಾನುವಾರ ಮಾವನವರಿಗೆ ಎಡೆ ಇಡುವುದಿತ್ತು. ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ನಾನು ಕೊನೆಯ ಎಲೆಗೆ ಬಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ನನ್ನ ಕೈಯೆಲ್ಲ ಅನ್ನ. ಅತ್ತೆ ಕಿಟಕಿಯ ಮೇಲಿದ್ದ ಫೋನು ಎತ್ತಿಕೊಂಡರು.

“ಯಾರಪ್ಪ ನೀನು? ಊ, ಅವ್ಳು ನನ್ ಸೊಸೆ. ಅವ್ರ ಮಾವುನ್ಗೆ ಎಡೆ ಇಕ್ತಾವ್ಳೆ. ಎರಡ್ ನಿಮ್ಸವಾ? ನೋಡಪ್ಪ, ಸತ್ತೋರೇ ಬಂದು ಬಾಗ್ಲಲ್ಲಿ ಕಾಯ್ಕಂಡು ನಿಂತವ್ರೆ. ಬದ್ಕಿರೋನು ನಿನ್ಗೆ ಕಾಯಕ್ಕೆ ಆಗಕಿಲ್ವಾ?”

ಫೋನು ಕೆಳಗಿಟ್ಟು ಧೂಪ ಹಾಕಲು ಹೋದರು. ಅಂದಿನಿಂದ ಅವರ ಅನುಮಾನ ಹೋಯಿತು, ಸಿಟ್ಟು ಮಾತ್ರ ಹಾಗೇ ಮ್ಯಾನೇಜರ ಕಡೆಗೆ ತಿರುಗಿತು. ಮಾರನೆಯ ದಿನ ಗ್ರೂಪಿನಲ್ಲಿ ಒಂದು ಸಂದೇಶ ಬಂತು. ಸೀಸನ್ ಮುಗಿಯುವವರೆಗೆ ಮನೆಯವರೂ ಸಹಕರಿಸುವಂತೆ ನೋಡಿಕೊಳ್ಳಿ ಎಂದು. ಕೊನೆಯಲ್ಲಿ ಕೈಮುಗಿದ ಚಿತ್ರ.

ನಾವೆಲ್ಲ ಉಸಿರು ಬಿಡುತ್ತಿದ್ದದ್ದು ಶಿವಲಿಂಗನಿಂದ. ಮಳವಳ್ಳಿ ಹತ್ತಿರದ ಹಳ್ಳಿಯವನು, ನನಗಿಂತ ನಾಲ್ಕು ವರ್ಷ ಚಿಕ್ಕವನು, ಕಬಡ್ಡಿ ಆಟಗಾರ. ಎರಡು ಗದ್ದೆಗಳ ನಡುವಿನ ಕಾಲುವೆಯನ್ನು ಹಾರಿಯೇ ದಾಟುವವನು, ಸುತ್ತಿಕೊಂಡು ಹೋದವನಲ್ಲ. ಪ್ರತಿ ಸೋಮವಾರ ಮಂಡ್ಯದ ಆಫೀಸಿನಲ್ಲಿ ಎಲ್ಲರೂ ಸೇರಿದಾಗ ಮ್ಯಾನೇಜರ ಧ್ವನಿಯಲ್ಲಿ, “ಶಿವಲಿಂಗ, ಗಾಳಿ ಯಾವ ಕಡೆಗೆ ಬೀಸ್ತಿದೆ, ಒಂದು ಫೋಟೋ ಹಾಕು ಪ್ಲೀಸ್” ಎಂದು ಅಣಕಿಸಿ ನಗಿಸುತ್ತಿದ್ದ. ಧೈರ್ಯ ಮಾಡಿದವನೂ ಅವನೇ. ದಸರಾ ಆದ ಮೇಲೆ ಒಂದು ವಾರ ಅವನು ಸಂಜೆ ಮನೆಗೆ ಹೋದ ಕೂಡಲೇ ಫೋನು ಆಫ್ ಮಾಡಿ ಇಟ್ಟ. ವಾರದ ಕೊನೆಗೆ ಮ್ಯಾನೇಜರು ಗ್ರೂಪಿನಲ್ಲಿ ಎಲ್ಲರ ಮುಂದೆ ಅವನ ಹೆಸರು ಹಾಕಿ, ‘ಕೆಲಸದಲ್ಲಿ ಆಸಕ್ತಿ ಇಲ್ಲದವರು ಈಗಲೇ ಹೇಳಿದರೆ ಬೇರೆಯವರನ್ನು ನೋಡಿಕೊಳ್ಳಬಹುದು’ ಎಂದು ಬರೆದರು. ಅವನ ಹೆಂಡತಿ ಮಂಜುಳ ಆಗ ಬಸುರಿ. ಮುಂದಿನ ಸೋಮವಾರ ಅವನು ಯಾರನ್ನೂ ಅಣಕಿಸಲಿಲ್ಲ. “ಆನ್ ಮಾಡ್ಬುಟ್ಟೆ ಕಣಕ್ಕ,” ಎಂದಷ್ಟೇ ನನಗೆ ಹೇಳಿದ.

ಭತ್ತ ಹೂವಾಗುವ ಹೊತ್ತಿಗೆ ನನಗೆ ಇನ್ನೊಂದು ಕಾಟ ಅಂಟಿಕೊಂಡಿತು. ಫೋನು ಸುಮ್ಮನಿದ್ದಾಗಲೂ ಬಡಿದುಕೊಂಡಂತೆ ಕೇಳುತ್ತಿತ್ತು. ಚಿನ್ನುವಿಗೆ ಜಡೆ ಹಾಕುತ್ತಾ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ನೋಡಿದರೆ ಏನೂ ಇರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಸಮಾಧಾನವೂ ಆಗುತ್ತಿರಲಿಲ್ಲ, ಇನ್ನೇನು ಬರಬಹುದು ಎಂದು ಕಾಯುವುದೇ ಆಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಮನೆಯವರು ಮಾತಾಡಿದರೆ ಸಿಡುಕುತ್ತಿದ್ದೆ. “ನೀನು ಮನೇಲಿದ್ರೂ ಮನೇಲಿರಲ್ಲ,” ಎಂದರು ಚಂದ್ರು ಒಂದು ಸಲ. ಅಷ್ಟು ಮಾತೇ ಅವರಿಗೆ ಹೆಚ್ಚು.

ಆ ಕಾರ್ತೀಕದಲ್ಲಿ ಸಮುದ್ರದ ಕಡೆ ಚಂಡಮಾರುತ ಎದ್ದು ನಮ್ಮಲ್ಲೂ ಮೋಡ ಕವಿಯಿತು. ಕೆಲವು ಗದ್ದೆಗಳು ಇನ್ನೂ ಹೂವಿನಲ್ಲಿದ್ದವು. ಜೋರು ಮಳೆಯಾದರೆ ಪೈರು ಮಲಗುತ್ತದೆ ಎಂದು ಮಧ್ಯಾಹ್ನವೇ ಎಲ್ಲ ರೈತರಿಗೂ ಗದ್ದೆಯ ನೀರನ್ನು ಹೊರಕ್ಕೆ ಬಿಟ್ಟುಬಿಡಲು ಹೇಳಿದ್ದೆವು. ಐದೂವರೆ ಕಳೆದು, ನಾನು ಹೊಳಲಿನ ಮನೆ ಸೇರಿ ಕೈಕಾಲು ತೊಳೆಯುವಷ್ಟರಲ್ಲಿ ಸಂದೇಶ. ಹೂವಿನಲ್ಲಿರುವ ಪ್ರತಿ ಗದ್ದೆಯ ಈಗಿನ ಫೋಟೋ ಬೇಕು, ನೀರು ಇಳಿದಿರುವುದು ಕಾಣಬೇಕು, ಪ್ಲೀಸ್. ನನ್ನ ಅದೃಷ್ಟಕ್ಕೆ ಮದ್ದೂರಿನ ಕಡೆ ಒಬ್ಬ ರೈತರ ಮಗಳೇ ಫೋಟೋ ತೆಗೆದು ಕಳಿಸಿದಳು. ಶಿವಲಿಂಗ ಮಧ್ಯಾಹ್ನ ತೆಗೆದದ್ದನ್ನು ಹಾಕಿದ. ಕೂಡಲೇ ಕೆಳಗೆ ಉತ್ತರ: ‘ಇದು ಮಧ್ಯಾಹ್ನ ತೆಗೆದದ್ದು. ಈಗಿನದು ಹಾಕಿ.’ ಶಿವಲಿಂಗ, ‘ನೋಟೆಡ್ ಸರ್’ ಎಂದು ಹಾಕಿದ್ದನ್ನು ನಾನು ನೋಡಿದೆ.

ಆಮೇಲಿನದು ಮಂಜುಳ ಹೇಳಿದ್ದು. ಅವನು ಕಾಫಿ ಕುಡಿಯುತ್ತಿದ್ದನಂತೆ. ಅರ್ಧ ಲೋಟ ಇಟ್ಟು, “ಬಂದು ಕುಡೀತೀನಿ, ಮುಚ್ಚಿಡು,” ಎಂದು ಬೈಕು ಹತ್ತಿದನಂತೆ. ಕತ್ತಲು ಕವಿಯುತ್ತಿತ್ತು, ತುಂತುರು ಶುರುವಾಗಿತ್ತು. ಮದ್ದೂರು ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರು ಚಕ್ರ ಪಂಕ್ಚರಾಗಿ ಬದಿಗೆ ನಿಂತಿತ್ತು, ಹಿಂದೆ ಒಂದು ಕೆಂಪು ದೀಪವೂ ಇರಲಿಲ್ಲ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೊರಟಿದ್ದಾನೋ ಇಲ್ಲವೋ ಎಂದು ಕೇಳಲು ಮ್ಯಾನೇಜರು ಮಾಡಿದ್ದು. ಅವನು ಒಂದು ಕ್ಷಣ ಕೆಳಗೆ ನೋಡಿದ.

ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಸುದ್ದಿ ತಿಳಿದ ಕೂಡಲೇ ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು, ‘ಬೇಗ ಗುಣಮುಖರಾಗಿ’ ಎಂಬ ಮಾತುಗಳು. ಮ್ಯಾನೇಜರೂ ಹಾಕಿದರು. ಅದರ ಕೆಳಗೇ ಅವರದೇ ಇನ್ನೊಂದು: ‘ಶಿವಲಿಂಗನ ಗದ್ದೆಗಳ ಫೋಟೋ ಯಾರು ಕಳಿಸುತ್ತೀರಿ?’ ನಾನು ಫೋನನ್ನು ಅಕ್ಕಿ ಡಬ್ಬದೊಳಗೆ ತುರುಕಿ ಮುಚ್ಚಿದೆ. ಬೇರೇನು ಮಾಡಬೇಕೋ ತೋಚಲಿಲ್ಲ.

ಎರಡು ದಿನ ಬಿಟ್ಟು, ಶಿವಲಿಂಗ ಅವತ್ತು ಹೊರಟಿದ್ದ ಗದ್ದೆಗೆ ನಾನೇ ಹೋದೆ. ಬೋರೇಗೌಡರು ಅಂತ, ಗದ್ದೆಯ ಯಜಮಾನರು. ಬದುವಿನ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು.

“ಮಧ್ಯಾನ್ವೇ ಬದ ಕಡುದು ನೀರು ಬುಟ್ಬುಟ್ಟಿದ್ದೆ ಕಣವ್ವ. ಉಡುಗಂಗೂ ಏಳಿದ್ದೆ. ಅವನೂ ನೋಡ್ಕಂಡೇ ಓದ. ಆ ಕತ್ಲಲ್ಲಿ ಬಂದು ಏನ್ ನೋಡ್ಬೇಕಿತ್ತವ್ವ ಅವ್ನು? ನನ್ಗೊಂದು ಪೋನ್ ಮಾಡಿದ್ರೆ ಸಾಕಿತ್ತು. ನೀರಿಲ್ಲ ಅಂತಿದ್ದೆ.”

ಕೇಳುತ್ತಾ ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಯಾರಿಗೂ ಬೇಡವಾಗಿದ್ದ ಒಂದು ಫೋಟೋ. ಮ್ಯಾನೇಜರು ತಮ್ಮ ಮೇಲಿನವರಿಗೆ ಕಳಿಸುತ್ತಿದ್ದರು, ಮೇಲಿನವರು ಅದನ್ನು ತೆರೆದು ನೋಡುತ್ತಿದ್ದರೋ ಇಲ್ಲವೋ.

ಕಂಪನಿಯ ದೊಡ್ಡ ಆಫೀಸಿನಿಂದ ಒಬ್ಬ ಅಧಿಕಾರಿ ಮಂಡ್ಯಕ್ಕೆ ಬಂದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಕೇಳಿದರು. ಪಕ್ಕದಲ್ಲೇ ಮ್ಯಾನೇಜರು ಕೂತಿದ್ದರು.

“ಶಿವಲಿಂಗ ಅವತ್ತು ಐದೂವರೆಗೆ ಡ್ಯೂಟಿ ಮುಗಿಸಿ ಹಾಜರಿ ಒತ್ತಿದ್ದಾರೆ,” ಅಂದರು ಅಧಿಕಾರಿ. “ಆಮೇಲೆ ಅವರು ಎಲ್ಲಿಗೆ ಹೋದ್ರು ಅನ್ನೋದು ಅವರ ಸ್ವಂತ ವಿಷಯ ಅಲ್ವಾ?”

“ಸ್ವಂತ ವಿಷಯಕ್ಕೆ ಹೋಗ್ಲಿಲ್ಲ ಸರ್. ಇವರು ಫೋಟೋ ಕೇಳಿದ್ರು, ಅದಕ್ಕೆ ಹೋದ.”

ಮ್ಯಾನೇಜರು ತಮ್ಮ ಫೋನು ತೆಗೆದು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು. “ನಾನು ಆರ್ಡರ್ ಮಾಡಿಲ್ಲ ಅಮ್ಮ. ರಿಕ್ವೆಸ್ಟ್ ಮಾಡಿದೀನಿ. ನೋಡಿ, ಪ್ಲೀಸ್ ಅಂತ ಹಾಕಿದೀನಿ.”

“ಇಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ ಅಂತಾನೂ ನೀವೇ ಹಾಕಿದ್ರಿ ಸರ್.”

“ಅದು ಬೇರೆ ಸಂದರ್ಭ,” ಎಂದರು ಅಧಿಕಾರಿ, ಪೆನ್ನು ಮುಚ್ಚುತ್ತಾ.

ನನ್ನ ಮುಂದೆ ಹೋದವರೂ ಹಿಂದೆ ಹೋದವರೂ ಏನು ಹೇಳಿದರೆಂದು ನಾನು ಕೇಳಲಿಲ್ಲ. ಎಲ್ಲರಿಗೂ ಸಾಕಬೇಕಾದ ಮನೆಗಳಿದ್ದವು. ಕಂಪನಿಯ ತೀರ್ಮಾನ ಬಂತು: ಅಪಘಾತ ಕೆಲಸದ ಅವಧಿಯಲ್ಲಿ ಆದದ್ದಲ್ಲ.

ಅದಾದ ಮೇಲೂ ಸಂದೇಶಗಳು ನಿಲ್ಲಲಿಲ್ಲ ಎಂದರೆ ನಂಬಬೇಕು. ಕೊಯ್ಲಿನ ಕಾಲ, ಒಣಗಿಸುವ ಕಣದ ಫೋಟೋ ಬೇಕು ಎಂದು ಸಂಜೆ ಬಂತು. ನಾನು ಕೂತು ನಿಧಾನವಾಗಿ ಬೆರಳಿಟ್ಟು ಬರೆದೆ: ‘ಸರ್, ಹಾಜರಿ ಒತ್ತಿ ಹೊರಬಂದಿದ್ದೇನೆ. ಈಗ ಹೊರಟರೆ ಡ್ಯೂಟಿಯ ಮೇಲೆ ಹೋದ ಹಾಗೋ, ನನ್ನ ಸ್ವಂತ ವಿಷಯಕ್ಕೆ ಹೋದ ಹಾಗೋ? ತಿಳಿಸಿದರೆ ಹೊರಡುತ್ತೇನೆ.’ ಬರೆದು ಕಳಿಸಿ, ಅಡುಗೆ ಮನೆಗೆ ಬಂದು ಅತ್ತೆಯ ಪಕ್ಕ ಕೂತು ಅವರೆಕಾಯಿ ಸುಲಿದೆ. ಉತ್ತರ ಬರಲಿಲ್ಲ. ಮಾರನೆಯ ಸಂಜೆಯೂ ಕೇಳಿದರು, ನಾನು ಅದೇ ಮಾತನ್ನೇ ಮತ್ತೆ ಹಾಕಿದೆ. ಮೂರನೆಯ ಸಲಕ್ಕೆ ಬಾಕಿಯವರೂ ಒಬ್ಬೊಬ್ಬರಾಗಿ ಅದೇ ಸಾಲುಗಳನ್ನು ಹಾಕತೊಡಗಿದರು. ಆಫೀಸಿನಲ್ಲಿ ಬಾಯಿ ಬಿಡದವರೂ ಹಾಕಿದರು.

ಗ್ರೂಪು ತಣ್ಣಗಾಯಿತು. ಗೆದ್ದೆವು ಅಂದುಕೊಂಡೆ. ಒಂದು ವಾರವಾಗಿರಲಿಲ್ಲ, ಸಂಜೆಯ ಫೋನು ಕರೆಗಳು ಶುರುವಾದವು. ಬರಹದಲ್ಲಿ ಏನೂ ಇಲ್ಲ, ಬರೀ ಮಾತು. “ಅಮ್ಮ, ಸುಮ್ನೆ ಹೇಗಿದ್ದೀರಾ ಅಂತ ಕೇಳೋಣ ಅಂತ ಮಾಡಿದೆ. ಹಾಗೇ ಆ ಕಣದ ಕಡೆ ಒಂದು ಸಲ…” ನಾನು ಎತ್ತುವುದನ್ನೇ ಬಿಟ್ಟೆ. ಸಂಕ್ರಾಂತಿ ಕಳೆದು ಬೇಸಿಗೆ ಬೆಳೆ ಶುರುವಾಯಿತು. ಉಳಿದವರನ್ನೆಲ್ಲ ಕರೆದರು, ನನ್ನನ್ನು ಕರೆಯಲಿಲ್ಲ. ಕಾರಣ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಒಪ್ಪಂದ ಒಂದು ಬೆಳೆಗಷ್ಟೇ ತಾನೆ. ಅತ್ತೆ, “ಪೀಡೆ ತೊಲಗ್ತು ಬುಡು,” ಅಂದರು. ನನಗೆ ಹಗ್ಗ ಎಳೆಯುವ ಬೆಳಗುಗಳು ಹೋದದ್ದಕ್ಕೆ ಸಂಕಟವಾಯಿತು. ಅವು ನನ್ನವಾಗಿದ್ದವು.

ಮಂಜುಳ ಮಗು ಹೆತ್ತ ಮೇಲೆ, ವಕೀಲರೊಬ್ಬರನ್ನು ಹಿಡಿದು ಮಂಡ್ಯದಲ್ಲಿ ಕೇಸು ಹಾಕಿಸಿದಳು. ನಾನು ಸಾಕ್ಷಿ. ಕೆಲಸ ಹೋಗಿದ್ದರಿಂದ ಹೆದರಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ವಾಯಿದೆಯ ಮೇಲೆ ವಾಯಿದೆಯಾಗಿ, ಕೊನೆಗೊಂದು ದಿನ ನನ್ನನ್ನು ಕರೆದರು. ಕಂಪನಿಯ ವಕೀಲರು ಎದ್ದು ನಿಂತರು.

“ನಿಮ್ಮ ಕೆಲಸ ಸಂಜೆ ಐದೂವರೆಗೆ ಮುಗಿಯುತ್ತಿತ್ತು. ಹೌದೋ, ಇಲ್ಲವೋ?”

“ಸಾರ್, ಅದು ಹೇಗೆ ಅಂದ್ರೆ…”

“ಹೇಗೆ ಎಂದು ಕೇಳಲಿಲ್ಲ. ಹೌದೋ, ಇಲ್ಲವೋ? ಒಂದೇ ಮಾತು.”

ಆ ಒಂದು ಮಾತಿನಲ್ಲಿ ಸೀದ ಸಾರು, ಅರ್ಧ ಹಾಕಿದ ಜಡೆ, ಮುಚ್ಚಿಟ್ಟ ಕಾಫಿ ಎಲ್ಲ ಹೇಗೆ ಹಿಡಿಸಬೇಕು? ಶಿವಲಿಂಗ ಎದುರಿನ ಬೆಂಚಿನಲ್ಲಿ ಊರುಗೋಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಇಲ್ಲ,” ಅಂದೆ.

ನ್ಯಾಯಾಧೀಶರು ತಲೆ ಎತ್ತಿ ನನ್ನನ್ನು ನೋಡಿ, ಅದನ್ನೇ ಬರೆಸಿದರು.

ಅದಾದ ಮೇಲಿನ ವಾಯಿದೆಗೆ ಮೊದಲೇ ಕಂಪನಿಯವರು ರಾಜಿಗೆ ಬಂದರು. ಕೃತಕ ಕಾಲು, ಆಸ್ಪತ್ರೆಯ ಖರ್ಚು, ಮೇಲೊಂದಿಷ್ಟು ಪರಿಹಾರ, ಎಲ್ಲ ಕೊಡುತ್ತೇವೆ ಎಂದರು. ರಾಜಿ ಪತ್ರದಲ್ಲಿ ಮಾತ್ರ, ಇದೆಲ್ಲವನ್ನೂ ಮಾನವೀಯತೆಯ ದೃಷ್ಟಿಯಿಂದ ಕೊಡಲಾಗಿದೆ, ಅಪಘಾತಕ್ಕೂ ಕಂಪನಿಯ ಕೆಲಸಕ್ಕೂ ಸಂಬಂಧವಿಲ್ಲ ಎಂದಿತ್ತು. ನನ್ನ ಕೈಗೆ ಬಂದಿದ್ದರೆ ಹರಿದು ಹಾಕುತ್ತಿದ್ದೆ. ಆದರೆ ಕಾಲು ನನ್ನದಲ್ಲ. ಶಿವಲಿಂಗ ಓದಿದ, ಮಂಜುಳನ ಮುಖ ನೋಡಿದ, ಸಹಿ ಹಾಕಿದ.

ಆಚೆ ಬಂದು ಮೂವರೂ ರಸ್ತೆ ಬದಿಯ ಹೋಟೆಲಿನಲ್ಲಿ ಟೀಗೆ ಕೂತೆವು. ಮಗು ಮಂಜುಳನ ಮಡಿಲಲ್ಲಿ ನಿದ್ದೆ ಹೋಗಿತ್ತು. ಮಳವಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ ಎಂದು ಶಿವಲಿಂಗ ಹೇಳಿದ. ನಾನೂ ಆಗ ಮಂಡ್ಯದ ಹತ್ತಿರ ಸಸಿ ಬೆಳೆಸುವ ಒಂದು ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ್ದೆ.

“ಬಾಗ್ಯಕ್ಕ,” ಅಂದ ಶಿವಲಿಂಗ, “ನೀನು ಅವತ್ತು ಕೋರ್ಟಲ್ಲಿ ನಿಂತ್ಕಂಡು ಇಲ್ಲ ಅಂದ್ಯಲ್ಲ, ಆ ಒಂದು ಮಾತ ನಾನು ಆ ಸಂದೆ ಪೋನಲ್ಲಿ ಅಂದುದ್ರೆ ಸಾಕಿತ್ತು ಕಣಕ್ಕ. ಕಾಲು ಉಳ್ಕತಿತ್ತು. ತಪ್ಪು ನಂದೇ.”

“ಮುಚ್ಲಾ ಬಾಯಿ!” ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು, ಮಗು ಬೆಚ್ಚಿ ಎದ್ದು ಅಳತೊಡಗಿತು. ಶಿವಲಿಂಗ ನಗುತ್ತಾ ಮಗುವನ್ನು ಎತ್ತಿಕೊಂಡ. ನನಗೆ ನಗು ಬರಲಿಲ್ಲ. ಮ್ಯಾನೇಜರು ಪ್ಲೀಸ್ ಎಂದಿದ್ದರು, ಕಂಪನಿ ಮಾನವೀಯತೆ ಎಂದಿತ್ತು. ಇಷ್ಟೆಲ್ಲ ಆದ ಮೇಲೂ ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ.